ದೊಡ್ಡವ್ವನ ಪ್ರಶ್ನೆಗೆ ನಕ್ಕವರು

2024ರ ಎಳ್ಳಮಾವಾಸ್ಯೆ ಡಿಸೆಂಬರ್ 30ರ ಸೋಮವಾರ ಬಂದಿತ್ತು. ಆ ದಿನ ನಾನು ಆಳಂದ ತಾಲೂಕಿನ ಜಿಡಗಾದಲ್ಲಿ, ದೊಡ್ಡವ್ವನ ಮನೆಯಲ್ಲಿದ್ದೆ. ನಮ್ಮ ಕಲಬುರಗಿ ಸೀಮೆಯಲ್ಲಿ ಎಳ್ಳಮಾವಾಸ್ಯೆಯ ಊಟ ಹೊಲದಲ್ಲೇ ಆಗಬೇಕು. ಬುತ್ತಿ ಕಟ್ಟಿಕೊಂಡು ಹೋಗಿ, ಬೆಳೆಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಉಂಡು ಮನೆಗೆ ಬರುವಾಗ ಹೊತ್ತು ಇಳಿದಿತ್ತು. ಕಾಲು ಚಾಚಿ ಟಿವಿ ಮುಂದೆ ಕೂತೆವು. ಟಿವಿಯಲ್ಲಿ ಸುನಿತಾ ವಿಲಿಯಮ್ಸ್. ಕೆಂಪು ಅಕ್ಷರದಲ್ಲಿ ‘ಸಿಕ್ಕಿಬಿದ್ದ ಸುನಿತಾ’ ಅಂತ, ಹಿಂದೆ ಎದೆ ನಡುಗಿಸುವ ಸಂಗೀತ.

ದೊಡ್ಡವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: “ತಮ್ಮಾ, ಏಳು ತಿಂಗಳಾಗ್ಲಿಕ್ಕ ಬಂತಂತ. ಆಕಿ ಹೊರಕಡಿಗಿ ಎಲ್ಲಿ ಹೋಗ್ತಾಳ?”

ಮನೆ ತುಂಬ ನಗು. ಅವಳ ಮಗ ನಕ್ಕ, ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಾನೂ ನಕ್ಕೆ. ದೊಡ್ಡವ್ವ ನಗಲಿಲ್ಲ. “ನಗಬ್ಯಾಡ್ರಿ. ಎಂಟು ದಿನಕ್ಕಂತ ಹೋದಾಕಿ. ಏಳು ತಿಂಗಳಿಗಿ ಬಟ್ಟಿ ಎಲ್ಲಿಂದ ತಂದ್ಳು? ಅದನ್ನಾದ್ರೂ ಹೇಳು, ನೀ ಸೈನ್ಸ್ ಮಾಸ್ತರ ಇದ್ದಿ.”

“ಎಲ್ಲಾ ವ್ಯವಸ್ಥಾ ಮಾಡಿರ್ತಾರ ದೊಡ್ಡವ್ವ, ದೊಡ್ಡ ದೊಡ್ಡ ವಿಜ್ಞಾನಿಗಳು ಅದಾರ” ಅಂದೆ. ಉತ್ತರ ಗೊತ್ತಿಲ್ಲದ ಮಾಸ್ತರ ಕೊಡುವ ಉತ್ತರ ಅದು.

ಏಳನೇ ಇಯತ್ತೆ ಓದುವ ಅವಳ ಮೊಮ್ಮಗಳು ಅಲ್ಲಿಗೂ ಬಿಡಲಿಲ್ಲ. “ಕಾಕಾ, ಅಲ್ಲಿ ಗುರುತ್ವಾಕರ್ಷಣೆ ಇಲ್ಲ ಅಂತ ನೀವೇ ಹೇಳಿದ್ರಿ. ಹಂಗಿದ್ರ ಆ ನಿಲ್ದಾಣ ಭೂಮಿ ಸುತ್ತ ಯಾಕ ತಿರುಗ್ತದ? ಬಿಟ್ಟು ಓಡಿ ಹೋಗ್ಬೇಕಲ್ಲ?” ಈ ಸಲ ಯಾರೂ ನಗಲಿಲ್ಲ. ನನಗೆ ಬಾಯಿ ಬರಲಿಲ್ಲ.

ಅದೇ ರಾತ್ರಿ ಹತ್ತು ಗಂಟೆಗೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ60 ಮೇಲೆ ಹೋಯಿತು. ಅದರ ಕೊನೆಯ ಹಂತದಲ್ಲಿ ಇಸ್ರೊ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಎಂಟು ಅಲಸಂದೆ ಬೀಜ ಇಟ್ಟು ಕಳಿಸಿತ್ತು. ನಾಲ್ಕು ದಿನದಲ್ಲಿ ಅವು ಮೊಳಕೆ ಒಡೆದವು, ಆಮೇಲೆ ಎಲೆಯೂ ಬಂತು. ನಾವು ನೆಲಕ್ಕೆ ಚರಗ ಚೆಲ್ಲಿದ ದಿನವೇ ಆಕಾಶಕ್ಕೂ ಕಾಳು ಹೋದವು ಎಂದು ಫೋನಿನಲ್ಲಿ ಹೇಳಿದಾಗ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: “ಅಲ್ಲಿ ಮ್ಯಾಲ ಯಾವುದು ಕೆಳಗ ಯಾವುದು ಇಲ್ಲ ಅಂತೀರಿ. ಬೇರು ಯಾ ಕಡಿಗಿ ಇಳೀತು?”

ಈ ಬರಹ ಒಂದು ಜಗಳ. ಮೊದಲ ಜಗಳ ನನ್ನ ಜೊತೆಗೇ. ಆಮೇಲೆ ಆ ಸಂಜೆಯ ಟಿವಿ ಜೊತೆ, ಕನ್ನಡದಲ್ಲಿ ವಿಜ್ಞಾನ ಬರೆಯುವ ನಮ್ಮೆಲ್ಲರ ಜೊತೆ, ಮನುಷ್ಯರನ್ನು ಆಕಾಶಕ್ಕೆ ಕಳಿಸುವ ಕೆಲಸವನ್ನು ನಮ್ಮದೇ ರಾಜ್ಯದ ರಾಜಧಾನಿಯಲ್ಲಿ ಕೂತು ನಡೆಸುತ್ತಿರುವವರ ಜೊತೆ. ಬಾಹ್ಯಾಕಾಶ ಯಾನವೆಂದರೆ ಹಳ್ಳಿಯ ಜನ ಚಪ್ಪಾಳೆ ತಟ್ಟಬೇಕಾದ ಸಂಗತಿ, ಪ್ರಶ್ನೆ ಕೇಳಬೇಕಾದ್ದಲ್ಲ ಎಂಬ ಒಂದು ನಂಬಿಕೆ ನಮ್ಮೊಳಗೆ ಗಟ್ಟಿಯಾಗಿ ಕೂತಿದೆ. ಅದು ತಪ್ಪು ಮಾತ್ರವಲ್ಲ, ಅಪಾಯ ಎಂದು ನನ್ನ ವಾದ.

ಮೊದಲು ದೊಡ್ಡವ್ವನ ಎರಡು ಪ್ರಶ್ನೆ. ಅವುಗಳ ಉತ್ತರ ಹುಡುಕಲು ನಾನು ಇಂಗ್ಲಿಷಿಗೇ ಹೋಗಬೇಕಾಯಿತು. ಸಿಕ್ಕಾಗ ನಾಚಿಕೆಯಾಯಿತು, ಯಾಕೆಂದರೆ ಎರಡೂ ಪ್ರಶ್ನೆಗೆ ಉತ್ತರ ಒಂದೇ ಆಗಿತ್ತು.

ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಶೌಚಕ್ಕೆ ನೀರು ಹಾಕುವುದಿಲ್ಲ. ತೂಕವಿಲ್ಲದ ಕಡೆ ಏನೂ ಕೆಳಗೆ ಬೀಳುವುದಿಲ್ಲವಾದ್ದರಿಂದ ಗಾಳಿಯಿಂದ ಹೀರಿ ಎಳೆಯುತ್ತಾರೆ. ಗಟ್ಟಿ ಮಲ ಡಬ್ಬಿ ಸೇರಿ, ಕಸ ತುಂಬಿದ ಸರಕು ನೌಕೆಯ ಜೊತೆ ವಾತಾವರಣದಲ್ಲಿ ಉರಿದು ಹೋಗುತ್ತದೆ. ಮೂತ್ರವನ್ನು ಮಾತ್ರ ಚೆಲ್ಲುವುದಿಲ್ಲ. ಅದನ್ನು, ಬೆವರನ್ನು, ಉಸಿರಿನ ತೇವವನ್ನು ಶುದ್ಧ ಮಾಡಿ ಮತ್ತೆ ಕುಡಿಯುವ ನೀರು ಮಾಡುತ್ತಾರೆ. 2023ರಲ್ಲಿ ಈ ಮರುಬಳಕೆ ನೂರಕ್ಕೆ 98ರಷ್ಟು ಮುಟ್ಟಿತು. 2024ರ ಮೇ ಹೊತ್ತಿಗೆ ಮೂತ್ರ ಸಂಸ್ಕರಿಸುವ ಯಂತ್ರದ ಪಂಪು ಕೆಟ್ಟಿತು. ಹೊಸ ಪಂಪಿನ ತೂಕ ಸುಮಾರು 70 ಕಿಲೋ. ಬೇಗ ಹೊರಡುವ ನೌಕೆ ಯಾವುದೆಂದು ನೋಡಿದರೆ ಸುನಿತಾ ಮತ್ತು ಬುಚ್ ವಿಲ್ಮೋರ್ ಹೋಗಲಿದ್ದ ಸ್ಟಾರ್‌ಲೈನರ್. ಅದರಲ್ಲಿ ಜಾಗ ಎಲ್ಲಿದೆ? ಅವರಿಬ್ಬರ ಬಟ್ಟೆಬರೆಯ ಪೆಟ್ಟಿಗೆಗಳನ್ನು ಇಳಿಸಿ ಪಂಪು ಏರಿಸಿದರು. ಹೇಗೂ ಎಂಟು ದಿನದ ಮಾತು, ನಿಲ್ದಾಣದಲ್ಲಿ ಇಟ್ಟಿರುವ ಸಾಮಾನ್ಯ ಬಟ್ಟೆ ಸಾಕು ಎಂದು. ಎಂಟು ದಿನ 286 ದಿನ ಆಯಿತು. ಆಗಸ್ಟಿನಲ್ಲಿ ಹೋದ ಸರಕು ನೌಕೆಯಲ್ಲಿ ಅವರ ಬಟ್ಟೆ ಹೋದವು. ಅಲ್ಲಿ ಒಗೆಯುವ ವ್ಯವಸ್ಥೆಯೂ ಇಲ್ಲ, ತೊಟ್ಟಷ್ಟು ದಿನ ತೊಟ್ಟು ಕಸಕ್ಕೆ ಹಾಕಬೇಕು.

ಅಂದರೆ ಜಿಡಗಾದ ಒಬ್ಬ ಅಕ್ಷರ ಬರದ ಹೆಂಗಸು ಒಂದೇ ಉಸಿರಿನಲ್ಲಿ ಕೇಳಿದ ಶೌಚ ಮತ್ತು ಬಟ್ಟೆ ಎಂಬ ಎರಡು ಮಾತು, ಆ ಯಾನದಲ್ಲಿ ನಿಜವಾಗಿಯೂ ಒಂದಕ್ಕೊಂದು ಗಂಟುಬಿದ್ದಿದ್ದವು. ಅವಳಿಗೆ ಅದು ಹೊಳೆದದ್ದು ಯಾಕೆ? ಕತ್ತಲಾಗುವವರೆಗೆ ತಡೆದುಕೊಂಡು ಹೊಲದ ದಾರಿ ಹಿಡಿದ ಹೆಂಗಸಿಗೆ ಇದು ನಗುವ ವಿಷಯವಲ್ಲ. ಎಲ್ಲಿಗೆ ಹೋದರೂ ಮೊದಲು ಇತ್ಯರ್ಥ ಆಗಬೇಕಾದ ವಿಷಯ. ನಕ್ಕವರೆಲ್ಲ ಈ ಕಷ್ಟ ಪಡದವರು, ಅಥವಾ ಮರೆತವರು.

ಅಮೆರಿಕದವರೂ ಮೊದಲು ನಕ್ಕವರೇ. 1961ರ ಮೇ 5ರಂದು ಅಲನ್ ಶೆಪರ್ಡ್ ಹಾರಿದ್ದು ಹದಿನೈದು ನಿಮಿಷದ ಪಯಣ. ಅಷ್ಟಕ್ಕೆ ಮೂತ್ರದ ಚಿಂತೆ ಯಾಕೆ ಎಂದು ಯಾರೂ ಯೋಚಿಸಲಿಲ್ಲ. ಉಡಾವಣೆ ತಾಸುಗಟ್ಟಲೆ ತಡವಾಯಿತು, ಆತ ಉಡುಪಿನಲ್ಲೇ ಮಾಡಿಕೊಳ್ಳಬೇಕಾಯಿತು. 1983ರಲ್ಲಿ ಸ್ಯಾಲಿ ರೈಡ್ ಹೊರಟಾಗ, ಒಂದು ವಾರದ ಯಾನಕ್ಕೆ ಮುಟ್ಟಿನ ಟ್ಯಾಂಪನ್ 100 ಸಾಕಾಗುತ್ತದೆಯೇ ಎಂದು ಎಂಜಿನಿಯರುಗಳು ಕೇಳಿದ್ದನ್ನು ಆಕೆಯೇ ಹೇಳಿಕೊಂಡಿದ್ದಾರೆ. ಅಷ್ಟು ಕಲಿತವರ ನಡುವೆ ದೊಡ್ಡವ್ವನಂಥ ಒಬ್ಬಳು ಕೂತಿರಲಿಲ್ಲ, ಅಷ್ಟೇ.

ಇನ್ನು ‘ಸಿಕ್ಕಿಬಿದ್ದ’ ಎಂಬ ಟಿವಿಯ ಮಾತು. ಸ್ಟಾರ್‌ಲೈನರ್‌ನಲ್ಲಿ ಹೀಲಿಯಂ ಸೋರಿತು, ದಿಕ್ಕು ತಿರುಗಿಸುವ ಪುಟ್ಟ ಎಂಜಿನ್‌ಗಳು ಕೈಕೊಟ್ಟವು. ಅದು ಸೆಪ್ಟೆಂಬರಿನಲ್ಲಿ ಖಾಲಿಯಾಗಿ ಮರಳಿತು. ಅದೇ ತಿಂಗಳ ಕೊನೆಗೆ ಹೊರಟ ಡ್ರ್ಯಾಗನ್ ನೌಕೆ ನಾಲ್ಕು ಜನರ ಬದಲು ಇಬ್ಬರನ್ನೇ ಕರೆದೊಯ್ದು, ಇವರಿಗಾಗಿ ಎರಡು ಆಸನ ಖಾಲಿ ಇಟ್ಟಿತ್ತು. ನಾವು ಎಳ್ಳಮಾವಾಸ್ಯೆಯ ಸಂಜೆ ಮರುಗುತ್ತ ಕೂತಿದ್ದಾಗ ಅವರ ವಾಪಸಿನ ಬಂಡಿ ನಿಲ್ದಾಣದ ಬಾಗಿಲಿಗೇ ಕಟ್ಟಿತ್ತು. ಬದಲಿ ತಂಡ ಬರುವ ತನಕ ಕಾದು, ನಮ್ಮ ಲೆಕ್ಕದಲ್ಲಿ 2025ರ ಮಾರ್ಚ್ 19ರ ಬೆಳಗಿನ ಜಾವ ಇಳಿದರು. ಇಷ್ಟನ್ನು ಕನ್ನಡದಲ್ಲಿ ಹೇಳಲು ಎಷ್ಟು ಹೊತ್ತು ಬೇಕು? ಎರಡು ನಿಮಿಷ. ಆ ಎರಡು ನಿಮಿಷ ಯಾವ ಸಂಗೀತಕ್ಕೂ ಬೇಕಿರಲಿಲ್ಲ.

ಈಗ ಹುಡುಗಿಯ ಪ್ರಶ್ನೆ. ವರ್ಷಗಟ್ಟಲೆ ಮಕ್ಕಳಿಗೆ ತಪ್ಪು ಹೇಳಿಕೊಂಡು ಬಂದದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಜಿಡಗಾದ ನೆತ್ತಿಯ ಮೇಲೆ ಬಂದಾಗ ಅದು ನಮಗೆ ಬೆಂಗಳೂರಿಗಿಂತ ಹತ್ತಿರ. ಅಲ್ಲಿ ಭೂಮಿಯ ಸೆಳೆತ ಇಲ್ಲಿಯದರ ನೂರಕ್ಕೆ 90ರಷ್ಟು ಇದ್ದೇ ಇದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದು ಬೇಗ ತಿಳಿಯುತ್ತದೆ. ಮೆಲ್ಲಗೆ ಬೀಸಿದರೆ ಕಲ್ಲು ಹತ್ತಿರ ಬೀಳುತ್ತದೆ, ಜೋರಾಗಿ ಬೀಸಿದರೆ ದೂರ ಬೀಳುತ್ತದೆ. ತಾಸಿಗೆ 28,000 ಕಿಲೋಮೀಟರ್ ವೇಗದಲ್ಲಿ ಬೀಸಿದರೆ? ಕಲ್ಲು ಬೀಳುತ್ತಲೇ ಇರುತ್ತದೆ, ಆದರೆ ಭೂಮಿ ಗುಂಡಗಿರುವುದರಿಂದ ನೆಲವೂ ಅಷ್ಟೇ ಬಾಗಿ ಕೆಳಗೆ ಸರಿಯುತ್ತಿರುತ್ತದೆ. ಆಳಂದದಿಂದ ಕಲಬುರಗಿಗೆ ಬಸ್ಸಿಗೆ ಒಂದು ತಾಸು ಬೇಕು, ಆ ವೇಗದಲ್ಲಿ ಆರು ಸೆಕೆಂಡು ಸಾಕು. ನಿಲ್ದಾಣ ಬೀಳುತ್ತಿದೆ, ಒಳಗಿನವರೂ ಅದರ ಜೊತೆ ಬೀಳುತ್ತಿದ್ದಾರೆ, ಅದಕ್ಕೇ ತೇಲಿದಂತೆ ಕಾಣುತ್ತದೆ. ಗುರುತ್ವಾಕರ್ಷಣೆ ಇಲ್ಲದಿದ್ದರೆ ಹುಡುಗಿ ಹೇಳಿದಂತೆ ಅದು ಬಿಟ್ಟು ಓಡಿ ಹೋಗುತ್ತಿತ್ತು. ಅವಳು ಸರಿ, ಅವಳ ಮಾಸ್ತರ ಕಾಕಾ ತಪ್ಪು.

ಇಲ್ಲಿ ಕೆಲವರು ಹೇಳುವ ಮಾತು ನನಗೆ ಗೊತ್ತು. “ಪ್ರಶ್ನೆ ಕೇಳೋದು ಸುಲಭ. ಅಷ್ಟು ದೊಡ್ಡ ವಿಜ್ಞಾನಿಗಳಿಗೆ ಗೊತ್ತಿರೋದಿಲ್ಲವೇ? ದೇಶ ಹೆಮ್ಮೆಪಡುವ ಹೊತ್ತಿನಲ್ಲಿ ಕೊಂಕು ಯಾಕೆ?” ಇದಕ್ಕೆ ಬಾಹ್ಯಾಕಾಶದ ಚರಿತ್ರೆಯೇ ಉತ್ತರ ಕೊಟ್ಟಿದೆ, ಹೆಣಗಳ ಲೆಕ್ಕದಲ್ಲಿ.

1986ರ ಜನವರಿ 27ರ ರಾತ್ರಿ, ಇಷ್ಟು ಚಳಿಯಲ್ಲಿ ರಾಕೆಟ್ಟಿನ ಕೀಲುಗಳ ರಬ್ಬರ್ ಉಂಗುರ ಬಿಗಿ ಹಿಡಿಯುತ್ತದೆಯೇ ಎಂದು ಎಂಜಿನಿಯರುಗಳು ಕೇಳಿದರು, ಹಾರಿಸಬೇಡಿ ಎಂದರು. ಮೇಲಿನವರು ಅವರ ಮಾತು ತಳ್ಳಿಹಾಕಿದರು. ಮರುದಿನ ಚಾಲೆಂಜರ್ 73 ಸೆಕೆಂಡಿನಲ್ಲಿ ಛಿದ್ರವಾಯಿತು. ಸತ್ತ ಏಳು ಜನರಲ್ಲಿ ನನ್ನ ಹಾಗೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಕ್ರಿಸ್ಟಾ ಮೆಕಾಲಿಫ್ ಒಬ್ಬರು.

2003ರ ಜನವರಿ 16ರಂದು ಕೊಲಂಬಿಯಾ ಹಾರಿದಾಗ ಇಂಧನ ಟ್ಯಾಂಕಿನ ನೊರೆಯ ತುಂಡೊಂದು ಎಡ ರೆಕ್ಕೆಗೆ ಬಡಿಯಿತು. ರೆಕ್ಕೆಗೆ ಏನಾಗಿದೆ, ಕಕ್ಷೆಯಲ್ಲಿರುವಾಗಲೇ ಒಂದು ಚಿತ್ರ ತೆಗೆಸಿ ನೋಡೋಣ ಎಂದು ಎಂಜಿನಿಯರುಗಳು ಕೇಳಿದರು. ಬೇಕಿಲ್ಲ ಎಂದಾಯಿತು. ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಜನ ಮರಳಲಿಲ್ಲ. ನಾವು ಒಂದು ಉಪಗ್ರಹಕ್ಕೆ ಆಕೆಯ ಹೆಸರಿಟ್ಟೆವು, ಕರ್ನಾಟಕ ಸರ್ಕಾರ ಆಕೆಯ ಹೆಸರಲ್ಲಿ ಯುವ ವಿಜ್ಞಾನಿಗಳಿಗೆ ಪ್ರಶಸ್ತಿ ಇಟ್ಟಿತು. ಒಳ್ಳೆಯದೇ. ಆದರೆ ಆಕೆಯನ್ನು ಕೊಂದದ್ದು ನೊರೆಯ ತುಂಡು ಒಂದೇ ಅಲ್ಲ, ಕೇಳಿದ ಪ್ರಶ್ನೆಗೆ ಸಿಕ್ಕ ಉದಾಸೀನವೂ ಹೌದು ಎಂಬುದನ್ನು ಎಷ್ಟು ಶಾಲೆಗಳಲ್ಲಿ ಹೇಳಿದ್ದೇವೆ?

ಪ್ರಶ್ನೆಗೆ ಬೆಲೆ ಸಿಕ್ಕ ಉದಾಹರಣೆಯೂ ನಮ್ಮ ಎದುರಿಗೇ ಇದೆ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಹೊರಡಬೇಕಿದ್ದ ಫಾಲ್ಕನ್-9 ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರುವುದು ಕಂಡಿತು. ಪೂರ್ತಿ ದುರಸ್ತಿ ಆಗಿ ಪರೀಕ್ಷೆ ಆಗುವವರೆಗೂ ಹೊರಡಬಾರದೆಂದು ತಮ್ಮ ತಂಡ ಪಟ್ಟು ಹಿಡಿದಿತ್ತೆಂದು ಇಸ್ರೊ ಅಧ್ಯಕ್ಷ ವಿ. ನಾರಾಯಣನ್ ಆಮೇಲೆ ಹೇಳಿದರು. ತಡವಾಗಿ, ಜೂನ್ 25ರಂದು ಹೊರಟ ಶುಕ್ಲಾ ಜುಲೈ 15ರಂದು ಕ್ಷೇಮವಾಗಿ ಸಮುದ್ರಕ್ಕಿಳಿದರು. ಅಲ್ಲಿ ಕೊಂಕು ತೆಗೆದವರು ಇಸ್ರೊದವರೇ. ಅದನ್ನು ದೇಶದ್ರೋಹ ಎಂದು ಯಾರಾದರೂ ಅಂದರೇ?

ಹಾಗಿದ್ದರೆ ಅದೇ ಅಳತೆಗೋಲು ಮನೆಯೊಳಗೂ ಇರಲಿ. 2023ರ ಅಕ್ಟೋಬರ್ 21ರಂದು ಗಗನಯಾನದ ಮೊದಲ ಪರೀಕ್ಷಾ ವಾಹನ ಹಾರಲು ಐದು ಸೆಕೆಂಡು ಇರುವಾಗ ತಾನಾಗಿ ನಿಂತಿತು. ಆಗಿನ ಅಧ್ಯಕ್ಷ ಎಸ್. ಸೋಮನಾಥ್ ಎಲ್ಲರೆದುರೇ ಬಂದು ನಿಂತಿದೆ ಎಂದು ಹೇಳಿದರು. ಕಾರಣ ಹುಡುಕಿ, ಸರಿಪಡಿಸಿ, ಹತ್ತು ಗಂಟೆಗೆ ಹಾರಿಸಿದರು. ಸಮುದ್ರಕ್ಕೆ ಬಿದ್ದ ನೌಕೆ ತಲೆಕೆಳಗಾಗಿ ತೇಲುತ್ತಿದ್ದುದನ್ನೂ ಮುಚ್ಚಿಡಲಿಲ್ಲ. ಒಳಗೆ ಮನುಷ್ಯರಿದ್ದರೆ ಗತಿಯೇನು ಎಂದು ಯಾರಾದರೂ ಕೇಳುತ್ತಾರೆ, ಕೇಳಬೇಕು. ಗಾಳಿ ತುಂಬಿದ ಚೀಲಗಳಿಂದ ನೌಕೆಯನ್ನು ನೆಟ್ಟಗೆ ಮಾಡುವ ವ್ಯವಸ್ಥೆ ಇರುವುದು ಅದಕ್ಕೇ. ಆ ದಿನ ಇಸ್ರೊ ಮೇಲಿನ ಗೌರವ ಕಡಿಮೆಯಾಯಿತೇ? ನನ್ನ ತರಗತಿಯಲ್ಲಂತೂ ಹೆಚ್ಚಾಯಿತು.

ಈಗ ಇನ್ನೊಂದು ದಿನ ನೋಡಿ. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ಮೂರನೇ ಹಂತದಲ್ಲಿ ವಿಫಲವಾಯಿತು. ತನಿಖೆಯ ವರದಿ ಜನರ ಕೈಗೆ ಬರಲಿಲ್ಲ. 2026ರ ಜನವರಿ 12ರಂದು ಮುಂದಿನ ಪಿಎಸ್‌ಎಲ್‌ವಿ ಹಾರಿತು. ಅದೂ ಮೂರನೇ ಹಂತದಲ್ಲೇ ದಾರಿ ತಪ್ಪಿತು. ಪಿಎಸ್‌ಎಲ್‌ವಿಯಲ್ಲಿ ಮನುಷ್ಯರು ಹೋಗುವುದಿಲ್ಲ, ನಿಜ. ಆದರೆ ಮನುಷ್ಯರನ್ನು ಕಳಿಸುವ ಮನೆಯೂ ಅದೇ. ಉಪಗ್ರಹ ಹೋದಾಗ ಬಾಯಿ ಮುಚ್ಚಿಕೊಳ್ಳುವ ರೂಢಿ ಬಿದ್ದರೆ, ನಾಳೆ ಒಳಗೆ ಜನ ಕೂತಾಗ ಬಾಯಿ ತೆರೆಯುವ ರೂಢಿ ಎಲ್ಲಿಂದ ಬರಬೇಕು?

ಇನ್ನೊಂದು ಗುಂಪಿನವರೂ ಇದ್ದಾರೆ. ಅವರು ನನ್ನ ಮಾತು ಕೇಳಿ ಖುಷಿಪಟ್ಟು, “ಅದಕ್ಕೇ ನಾವು ಹೇಳೋದು, ಬಡವರ ದೇಶಕ್ಕೆ ಇದೆಲ್ಲ ಯಾಕೆ ಬೇಕು?” ಅನ್ನುತ್ತಾರೆ. ಅವರ ಜೊತೆಗೂ ನನ್ನ ಜಗಳ ಇದೆ. ದುಡ್ಡಿನ ಪ್ರಶ್ನೆ ಸಣ್ಣದಲ್ಲ. ಗಗನಯಾನಕ್ಕೆ ಮತ್ತು ನಮ್ಮದೇ ನಿಲ್ದಾಣದ ಮೊದಲ ಭಾಗಕ್ಕೆ ಸೇರಿ ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಒಪ್ಪಿದ ಮೊತ್ತ 20,193 ಕೋಟಿ ರೂಪಾಯಿ. ಅದರಲ್ಲಿ ದೊಡ್ಡಪ್ಪ ಕೊಂಡ ಗೊಬ್ಬರ, ಡೀಸೆಲ್ಲಿನ ಮೇಲಿನ ತೆರಿಗೆಯೂ ಇದೆ. ಆದರೆ ದೊಡ್ಡಪ್ಪ ‘ಯಾಕೆ ಬೇಕು’ ಎಂದು ಕೇಳಲಿಲ್ಲ, ‘ಬೇರು ಯಾವ ಕಡೆ ಇಳಿಯಿತು’ ಎಂದು ಕೇಳಿದ. ಬಡವರ ಹೆಸರಿನಲ್ಲಿ ಮಾತಾಡುವವರು ಬಡವರ ಕುತೂಹಲವನ್ನು ಅವರಿಂದ ಕಸಿಯಬಾರದು.

ದೊಡ್ಡಪ್ಪನ ಪ್ರಶ್ನೆಗೂ ಉತ್ತರ ಇದೆ. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಸಣ್ಣ ಕಣಗಳಿವೆ. ಅವು ಭಾರಕ್ಕೆ ತಳಕ್ಕಿಳಿಯುತ್ತವೆ, ಬೇರು ಆ ಕಡೆಯೇ ಕೆಳಗೆಂದು ತಿಳಿಯುತ್ತದೆ. ಕಕ್ಷೆಯಲ್ಲಿ ಆ ಕಣಗಳು ಇಳಿಯುವುದಿಲ್ಲ. ಆಗ ಬೇರು ತೇವವನ್ನು, ಬೆಳಕಿನ ವಿರುದ್ಧ ದಿಕ್ಕನ್ನು ನೆಚ್ಚಿಕೊಳ್ಳಬೇಕು. ಶುಕ್ಲಾ ಜೊತೆ ನಿಲ್ದಾಣಕ್ಕೆ ಹೋದ ಹೆಸರು ಮತ್ತು ಮೆಂತ್ಯದ ಕಾಳುಗಳನ್ನು ಸಿದ್ಧಮಾಡಿದ್ದು ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ್ ಹೊಸಮನಿ ಮತ್ತು ಐಐಟಿ ಧಾರವಾಡದ ಸುಧೀರ್ ಸಿದ್ದಾಪುರೆಡ್ಡಿ. ಅಲ್ಲಿ ಮೊಳಕೆ ಒಡೆದವು, ಮರಳಿ ಬಂದ ಮೇಲೆ ಹಲವು ತಲೆಮಾರು ಬೆಳೆದು ಅವುಗಳ ಅನುವಂಶೀಯತೆ, ಪೌಷ್ಟಿಕತೆ, ಸೂಕ್ಷ್ಮಜೀವಿಗಳನ್ನು ನೋಡುವುದು ಯೋಜನೆ. ಹೆಸರು ನಮ್ಮ ಸೀಮೆಯ ಮುಂಗಾರು ಬೆಳೆ. ತೊಗರಿಗೆ ನೆಟೆ ರೋಗ ಬಂದು ಹೊಲವೇ ಒಣಗಿದ್ದನ್ನು ಕಂಡ ರೈತ, ಈ ಕಾಳಿನ ಅಭ್ಯಾಸದಿಂದ ನಮಗೇನಾದರೂ ಗೊತ್ತಾದೀತೇ ಎಂದು ಕೇಳಿದರೆ, ‘ಆಗಬಹುದು, ಆದರೆ ಇದು ಅದಕ್ಕಾಗಿ ಮಾಡಿದ್ದಲ್ಲ, ವರ್ಷಗಳು ಬೇಕು’ ಎಂದು ನೆಟ್ಟಗೆ ಹೇಳಬೇಕು. ಸುಳ್ಳು ಆಸೆಯೂ ಬೇಡ, ತಾತ್ಸಾರವೂ ಬೇಡ.

2025ರ ಜುಲೈ 4ರಂದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಿಂದ ಮಕ್ಕಳು ಹ್ಯಾಮ್ ರೇಡಿಯೊದಲ್ಲಿ ಶುಕ್ಲಾ ಜೊತೆ ಮಾತಾಡಿದರು. ನಿಲ್ದಾಣ ಒಂದು ದಿಗಂತದಿಂದ ಇನ್ನೊಂದಕ್ಕೆ ದಾಟುವಷ್ಟು ಹೊತ್ತು, ಹತ್ತು ನಿಮಿಷದ ಆಸುಪಾಸು. ಏನು ಕೇಳಿದರು? ಹೇಗೆ ಮಲಗುತ್ತೀರಿ, ಏನು ತಿನ್ನುತ್ತೀರಿ, ಜಡ್ಡಾದರೆ ಏನು ಮಾಡುತ್ತೀರಿ. ದೊಡ್ಡವ್ವ ಕೇಳಿದ್ದೂ ಇದನ್ನೇ. ಮಕ್ಕಳು ಕೇಳಿದರೆ ಮುದ್ದು, ಮುದುಕಿ ಕೇಳಿದರೆ ನಗು!

ಹಾಗಾದರೆ ಏನಾಗಬೇಕು? ಮಾನವ ಬಾಹ್ಯಾಕಾಶ ಯಾನ ಕೇಂದ್ರ 2019ರಿಂದ ಬೆಂಗಳೂರಿನಲ್ಲೇ ಇದೆ. ಯಾತ್ರಿಗಳ ತರಬೇತಿ ಬೆಂಗಳೂರಿನಲ್ಲಿ, ಅವರ ಊಟದ ಸಂಶೋಧನೆ ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯದಲ್ಲಿ. 1984ರಲ್ಲಿ ರಾಕೇಶ್ ಶರ್ಮಾ ಅವರಿಗೆ ಬುತ್ತಿ ಕಟ್ಟಿಕೊಟ್ಟದ್ದೂ ಅವರೇ. ಇಷ್ಟೆಲ್ಲ ಕನ್ನಡದ ನೆಲದಲ್ಲಿ ಇರುವಾಗ, ಪ್ರತಿ ಪರೀಕ್ಷೆಯ ನಂತರ ಏನು ಮಾಡಿದೆವು, ಯಾವುದು ಸರಿಯಾಯಿತು, ಯಾವುದು ತಪ್ಪಿತು ಎಂದು ನಾಲ್ಕು ಪುಟ ಕನ್ನಡದಲ್ಲಿ ಬರೆಯಲಿ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರದಂಥ ಕಡೆ ವರ್ಷಕ್ಕೆರಡು ದಿನ ಅಲ್ಲಿಯ ಎಂಜಿನಿಯರುಗಳು ಬಂದು ಕೂರಲಿ. ಭಾಷಣಕ್ಕಲ್ಲ, ಪ್ರಶ್ನೆ ಕೇಳಿಸಿಕೊಳ್ಳಲು. ಇನ್ನು ಬರೆಯುವವರು ನಾವು, ‘ಐತಿಹಾಸಿಕ’, ‘ಹೆಮ್ಮೆಯ ಕ್ಷಣ’ ಎಂಬ ಮಾತುಗಳನ್ನು ಸ್ವಲ್ಪ ದಿನ ಅಟ್ಟದ ಮೇಲಿಟ್ಟು, ಪಂಪು ಎಷ್ಟು ಕಿಲೋ ಎಂದು ಬರೆಯೋಣ. 2035ರ ಹೊತ್ತಿಗೆ ನಮ್ಮದೇ ನಿಲ್ದಾಣ ಪೂರ್ತಿಯಾಗಬೇಕೆಂದಿದೆ. ಅಷ್ಟರೊಳಗೆ ಅದರ ಬಗ್ಗೆ ಪ್ರಶ್ನೆ ಕೇಳಲು ಬರುವ ಒಂದು ತಲೆಮಾರು ಕನ್ನಡದಲ್ಲಿ ತಯಾರಾಗಬೇಕು.

2025ರ ಎಳ್ಳಮಾವಾಸ್ಯೆಗೆ ಮತ್ತೆ ಜಿಡಗಾಕ್ಕೆ ಹೋಗಿದ್ದೆ. ಒಂದು ವರ್ಷ ತಡವಾಗಿ ದೊಡ್ಡವ್ವನಿಗೆ ಪಂಪಿನ ಕತೆ, ಬಟ್ಟೆ ಪೆಟ್ಟಿಗೆಯ ಕತೆ ಹೇಳಿದೆ. ರೊಟ್ಟಿ ಮುರಿಯುತ್ತ ಕೇಳಿಸಿಕೊಂಡಳು. ಗಗನಯಾನದ ಮಾತೂ ಬಂತು. ಆಯ್ಕೆಯಾದ ನಾಲ್ವರು ವಾಯುಪಡೆಯವರು ಎಂದೆ, ಅವರಿಗಿಂತ ಮೊದಲು ವ್ಯೋಮಮಿತ್ರ ಎಂಬ ಹೆಣ್ಣಿನ ರೂಪದ ಯಂತ್ರದ ಗೊಂಬೆ ಹೋಗುತ್ತದೆ ಎಂದೆ. ಫೋನಿನಲ್ಲಿ ನಾಲ್ವರ ಚಿತ್ರ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿದಳು.

“ಗೊಂಬಿ ಅಷ್ಟೇ ಹೆಣ್ಣೇನು? ನಾಲ್ಕ ಮಂದ್ಯಾಗ ಹೆಣ್ಣಮಗಳು ಒಬ್ಬಾಕಿನೂ ಯಾಕಿಲ್ಲ?”

ಪರೀಕ್ಷಾ ಪೈಲಟ್‌ಗಳಿಂದಲೇ ಆರಿಸಿದರು, ಅವರಲ್ಲಿ ಹೆಂಗಸರು ಇರಲಿಲ್ಲ ಎಂದೆ. “ಅದು ಹ್ಯಾಂಗ ಆರಿಸಿದ್ರು ಅನ್ನೋದಾಯ್ತು. ಯಾಕ ಇಲ್ಲ ಅಂತ ಕೇಳಿದ್ದು ನಾ” ಅಂದಳು.

ಈ ಸಲ ಯಾರೂ ನಗಲಿಲ್ಲ. ನನ್ನ ಹತ್ತಿರ ಉತ್ತರ ಇಲ್ಲವಾದ್ದರಿಂದ, ಉತ್ತರ ಕೊಡಬೇಕಾದವರು ಓದಲಿ ಎಂದು ಅವಳ ಪ್ರಶ್ನೆಯನ್ನು ಇಲ್ಲಿ ಬರೆದಿದ್ದೇನೆ.